ಬಸುರಿಯನ್ನು ಕೇಳಿದವರಾರು?

ಗರ್ಭಿಣಿಗೆ ಹೊಸ ಮದ್ದು ಎಂದರೆ ನಾವೆಲ್ಲ ಬೆಚ್ಚುತ್ತೇವೆ. ಈ ಭಯ ಸುಮ್ಮನೆ ಬಂದದ್ದಲ್ಲ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥ್ಯಾಲಿಡೊಮೈಡ್ ಮಾತ್ರೆಯನ್ನು ಬಸುರಿನ ವಾಕರಿಕೆಗೆಂದು ನುಂಗಿದ ತಾಯಂದಿರಿಗೆ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದವು. ಗರ್ಭದಲ್ಲಿರುವ ಶಿಶುವಿಗೆ ಅದು ಏನು ಮಾಡುತ್ತದೆಂದು ಸರಿಯಾಗಿ ಪರೀಕ್ಷಿಸದೆ ಮಾರಿದ್ದೇ ಆ ದುರಂತದ ಮೂಲ. ಆದರೆ ನಾವು ಕಲಿತ ಪಾಠವೇ ಬೇರೆ: ಬಸುರಿಯರನ್ನು ಪರೀಕ್ಷೆಯ ಹತ್ತಿರಕ್ಕೇ ಬಿಡಬೇಡಿ! 1977ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಹೆರುವ ವಯಸ್ಸಿನ ಹೆಂಗಸರನ್ನೇ ಆರಂಭಿಕ ಪ್ರಯೋಗಗಳಿಂದ ದೂರವಿಡಲು ಹೇಳಿದರು. ಅದು ಸಡಿಲಗೊಂಡದ್ದು 1993ರಲ್ಲಿ.

ಈ 'ರಕ್ಷಣೆ'ಯ ಬೆಲೆ ತೆತ್ತವರು ಯಾರು? ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಸುಮಾರು ಐವರು ಗರ್ಭಿಣಿಯರಲ್ಲಿ ಒಬ್ಬಳ ಮೈಯಲ್ಲಿ ತೆಪ್ಪಗೆ ಇರುತ್ತದೆ. ಹೆರಿಗೆಯಲ್ಲಿ ಮಗುವಿಗೆ ಅಂಟಿತೋ, ಕೆಲವು ಕೂಸುಗಳ ರಕ್ತಕ್ಕೆ ನಂಜೇರುತ್ತದೆ, ಮೆದುಳಿನ ಪೊರೆಗೆ ಉರಿಯೂತ ಬರುತ್ತದೆ. ಬದುಕಿದರೂ ಊನ ಉಳಿಯಬಹುದು. ಹೆರಿಗೆ ನೋವಿನ ಹೊತ್ತಿನಲ್ಲಿ ತಾಯಿಗೆ ಪೆನಿಸಿಲಿನ್ ಕೊಟ್ಟರೆ ಮೊದಲ ವಾರದ ಸೋಂಕು ಬಹುಮಟ್ಟಿಗೆ ತಪ್ಪುತ್ತದೆ, ಆಮೇಲಿನದು ತಪ್ಪುವುದಿಲ್ಲ. ಪರೀಕ್ಷಿಸುವ ಲ್ಯಾಬೇ ಇಲ್ಲದ ಊರಲ್ಲಿ ಈ ಮಾತೂ ದೂರವೇ.

ತಾಯಿಯ ರಕ್ತದಲ್ಲಿ ಇದರ ವಿರುದ್ಧ ಪ್ರತಿಕಾಯ ಕಡಿಮೆಯಿದ್ದರೆ ಮಗುವಿಗೆ ಅಪಾಯ ಹೆಚ್ಚೆಂದು ಕ್ಯಾರೊಲ್ ಬೇಕರ್ ಮತ್ತು ಡೆನಿಸ್ ಕ್ಯಾಸ್ಪರ್ 1976ರಲ್ಲೇ ತೋರಿಸಿದ್ದರು. ತಾಯಿಗೆ ಲಸಿಕೆ ಹಾಕಿದರೆ ಪ್ರತಿಕಾಯ ಮಾಸಿನ ಮೂಲಕ ಮಗುವಿಗೆ ಇಳಿಯುತ್ತದೆ. 40 ಗರ್ಭಿಣಿಯರಲ್ಲಿ ನಡೆಸಿದ ಪ್ರಯೋಗವನ್ನು ಬೇಕರ್ 1988ರಲ್ಲಿ ಪ್ರಕಟಿಸಿದರು. ದಕ್ಷಿಣ ಆಫ್ರಿಕದ ಗರ್ಭಿಣಿಯರಲ್ಲಿ ಪರೀಕ್ಷಿಸಿದ, ಆರು ತಳಿಗಳ ವಿರುದ್ಧದ ಲಸಿಕೆಯ ಫಲಿತಾಂಶ ಹೊರಬಂದದ್ದು 2023ರಲ್ಲಿ. ನಡುವೆ ಎಷ್ಟು ತೊಟ್ಟಿಲುಗಳು ಬರಿದಾದವು! ಅಂಜಿಕೆಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ, ಕಂಪೆನಿಗಳ ಲಾಭನಷ್ಟದ ಲೆಕ್ಕವೂ ಇದೆ. ಆದರೆ ಕೊಡದೆ ಇರುವುದೂ ಒಂದು ತೀರ್ಮಾನವೇ. ಅಪಾಯ ಅಲ್ಲಿಗೆ ಇಲ್ಲವಾಗುವುದಿಲ್ಲ, ಕೂಸಿನ ಪಾಲಿಗೆ ಬೀಳುತ್ತದೆ, ಅಷ್ಟೆ.

ಇನ್ನೊಂದು ಜೀವಕ್ಕಾಗಿ ತಾಯಿ ತನ್ನ ಮೈಯೊಡ್ಡಬೇಕೆ? ತಾಯ್ತನವೆಂದರೆ ತ್ಯಾಗವೆಂದು ಹಾಡುವ ನಮ್ಮ ಸಮಾಜಗಳಿಗೆ ಇದು ಪ್ರಶ್ನೆಯಾಗಿಯೇ ಕಾಣುವುದಿಲ್ಲ. ಗಂಡ ಒಪ್ಪಿದನೇ, ಅತ್ತೆ ಒಪ್ಪಿದಳೇ ಎಂದು ವಿಚಾರಿಸುತ್ತೇವೆ. ಉತ್ತರ ಪ್ರದೇಶದ ಮುಸ್ಲಿಂ ಓಣಿಗಳಲ್ಲಿ ಪೋಲಿಯೊ ಹನಿ ಸಂತಾನಹರಣದ ಮದ್ದೆಂಬ ಗಾಳಿಸುದ್ದಿ ಹಬ್ಬಿದಾಗ ಓದಿದವರು ನಕ್ಕರು. ಕೂತು ವಿವರಿಸಿದ ಕಡೆ ಬಾಗಿಲು ತೆರೆದವು. ಬಸುರಿಗೂ ಅಷ್ಟೇ ಬೇಕು: ತಿಳಿಯುವ ಭಾಷೆಯಲ್ಲಿ ಹೇಳಬೇಕು, ಒಲ್ಲೆ ಎಂದರೆ ಅವಳ ಆರೈಕೆಗೆ ಕುಂದು ಬರಬಾರದು.

ದಕ್ಷಿಣ ಆಫ್ರಿಕದ ಆ ಹೆಂಗಸರು ತೋಳೊಡ್ಡಿದ್ದಾರೆ. ಲಸಿಕೆ ಸಿದ್ಧವಾದ ದಿನ ಅದು ಮೊದಲು ಯಾರ ಊರಿಗೆ, ಯಾವ ಬೆಲೆಗೆ ಹೋಗುತ್ತದೆ ಎಂಬುದನ್ನು ಪ್ರಯೋಗದ ಕರಾರಿನಲ್ಲೇ ಬರೆದಿಡಬೇಕಲ್ಲವೆ?