ಕಾಪಾಡಿಕೊಳ್ಳುವುದೂ ಕಾಯಕವೇ



“ಎಲ್ಲವೂ ಶಿವನ ಸೊತ್ತು, ಕಾಯುವವನು ಆತನಿರಲು ನಮಗೇಕೆ ಚಿಂತೆ?” ಎಂದು ಹೇಳುವವರುಂಟು. ಮಾತು ಭಕ್ತಿಯಂತೆ ತೋರುತ್ತದೆ. ಒಳಹೊಕ್ಕು ನೋಡಿದರೆ ಅಲ್ಲಿ ಆಲಸ್ಯವು ವೈರಾಗ್ಯದ ಉಡುಗೆಯನ್ನುಟ್ಟು ನಿಂತಿರುತ್ತದೆ. ಶಿವನ ಸೊತ್ತೆಂದು ಒಪ್ಪಿದ ಮೇಲೆ ಅದನ್ನು ಬೀದಿಪಾಲು ಮಾಡುವ ಅಧಿಕಾರ ನಮಗೆಲ್ಲಿಯದು? ಸತ್ಯಶುದ್ಧ ಕಾಯಕದಿಂದ ಬಂದುದು ಪ್ರಸಾದ. ಪ್ರಸಾದವನ್ನು ಹಂಚಬಹುದು, ಚೆಲ್ಲಬಾರದು.

ಈ ತತ್ತ್ವಕ್ಕೆ ಪರೀಕ್ಷೆ ಒದಗುವುದು ಮನೆಯಲ್ಲಲ್ಲ, ಪರದೇಶದಲ್ಲಿ. ಮಕ್ಕಳ ವಿದ್ಯೆ, ಉದ್ಯೋಗಗಳ ನಿಮಿತ್ತವಾಗಿ ಈಗ ನಮ್ಮ ಸಾಮಾನ್ಯ ಗೃಹಸ್ಥರೂ ಸಮುದ್ರ ದಾಟುತ್ತಿದ್ದಾರೆ. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ಕಂಡು ಕೈಮುಗಿದು, ಅಲ್ಲಿಂದ ರೈಲಿನಲ್ಲಿ ಪ್ಯಾರಿಸಿಗೆ ಹೋಗಿಬರುವವರು ಹಲವರು. ವರ್ಷಗಟ್ಟಲೆ ಕೂಡಿಟ್ಟ ಹಣ, ಅಗ್ಗದ ವಸತಿ, ಎಣಿಸಿ ಮಾಡುವ ಖರ್ಚು. ಧನಿಕನಿಗೆ ಚೀಲ ಹೋದರೆ ಒಂದು ಚೀಲ ಹೋದಂತೆ. ಇವರಿಗೆ ಪ್ರಯಾಣವೇ ಹೋದಂತೆ.

ಪ್ಯಾರಿಸು ಸುಂದರ ನಗರ, ಜೇಬುಗಳ್ಳತನಕ್ಕೂ ಹೆಸರಾದುದು. 2013ರ ಏಪ್ರಿಲಿನಲ್ಲಿ ಅಲ್ಲಿಯ ಲೂವ್ರ್ ವಸ್ತುಸಂಗ್ರಹಾಲಯದ ಕಾವಲುಗಾರರೇ ಈ ಕಳ್ಳರ ಕಾಟವನ್ನು ತಾಳಲಾರದೆ ಕೆಲಸ ನಿಲ್ಲಿಸಿದ್ದರಿಂದ ಆ ದಿನ ಬಾಗಿಲು ತೆರೆಯಲಿಲ್ಲ. ಕಳ್ಳರ ವಿಧಾನವನ್ನು ವಿಚಾರಿಸಿರಿ. ಒಬ್ಬನು ನಿಮ್ಮ ಕಾಲ ಬಳಿಯಿಂದ ಚಿನ್ನದಂತೆ ಹೊಳೆಯುವ ಉಂಗುರವನ್ನೆತ್ತಿ, “ಇದು ನಿಮ್ಮದೆ?” ಎನ್ನುತ್ತಾನೆ. ತನಗೆ ಬೇಡವೆಂದು ನಿಮಗೇ ಕೊಟ್ಟು, ಅನಂತರ ಹಣ ಬೇಡುತ್ತಾನೆ. ಉಂಗುರ ಹಿತ್ತಾಳೆಯದು. ಮತ್ತೊಬ್ಬಳು ಯಾವುದೋ ಮನವಿಗೆ ಸಹಿ ಕೇಳುತ್ತಾಳೆ. ನೀವು ಲೇಖನಿ ಹಿಡಿದಾಗ ಅವಳ ಸಂಗಡಿಗನ ಕೈ ನಿಮ್ಮ ಚೀಲದಲ್ಲಿರುತ್ತದೆ. ಮೆಟ್ರೋ ರೈಲಿನ ಬಾಗಿಲು ಮುಚ್ಚುವ ಕ್ಷಣದಲ್ಲಿ ಮೂರನೆಯವನು ದೂರವಾಣಿಯನ್ನು ಸೆಳೆದುಕೊಂಡು ಹೊರಗೆ ಹಾರುತ್ತಾನೆ. ಮೊದಲನೆಯದಕ್ಕೆ ನಮ್ಮ ಲೋಭವೇ ದಾರಿ. ಉಳಿದವಕ್ಕೆ ನಮ್ಮ ಮರೆವು. ಪರರ ಚಿನ್ನ ಮಣ್ಣೆಂದು ನಿಜವಾಗಿ ನಂಬಿದವನು ಆ ಉಂಗುರಕ್ಕೆ ಕೈಯೊಡ್ಡುವುದೇ ಇಲ್ಲ.

ಆದುದರಿಂದ ಹೊರಡುವ ಮುನ್ನ ವಸ್ತುಗಳನ್ನು ಮೂರಾಗಿ ವಿಂಗಡಿಸಬೇಕು. ಮೊದಲನೆಯದು ಅಂಗದ ಮೇಲಿರಬೇಕಾದದ್ದು: ಪಾಸ್‌ಪೋರ್ಟು, ಹೆಚ್ಚಿನ ಹಣ, ಒಂದು ಬ್ಯಾಂಕ್ ಕಾರ್ಡು. ಇಷ್ಟಲಿಂಗವನ್ನು ನಾವು ಪೆಟ್ಟಿಗೆಯಲ್ಲಿಟ್ಟು ಪ್ರಯಾಣ ಮಾಡುವುದಿಲ್ಲ. ಲಿಂಗಕ್ಕೂ ಕಾಗದಕ್ಕೂ ಸಮತೆಯನ್ನು ಹೇಳುತ್ತಿಲ್ಲ. ಅಗಲಬಾರದುದನ್ನು ಅಂಗದಿಂದ ಅಗಲಿಸಬಾರದೆಂಬ ಅಭ್ಯಾಸ ನಮಗೆ ಹುಟ್ಟಿನಿಂದಲೇ ಬಂದಿದೆ, ಅದನ್ನು ಇಲ್ಲಿಯೂ ಬಳಸಬಹುದು. ಎರಡನೆಯದು ಕೈಚೀಲದಲ್ಲಿರಬೇಕಾದದ್ದು: ಔಷಧ, ಒಂದು ದಿನದ ಉಡುಪು, ಮತ್ತೊಂದು ಕಾರ್ಡು, ಪಾಸ್‌ಪೋರ್ಟಿನ ಪ್ರತಿ. ಪವರ್ ಬ್ಯಾಂಕನ್ನು ವಿಮಾನದ ಸರಕಿಗೆ ಹಾಕುವ ಪೆಟ್ಟಿಗೆಯಲ್ಲಿಡುವಂತಿಲ್ಲ, ಅದೂ ಕೈಚೀಲದಲ್ಲಿಯೇ. ಮೂರನೆಯದು, ಕಳೆದರೂ ಬದುಕು ನಿಲ್ಲದಂಥದು. ಅದು ಮಾತ್ರ ದೊಡ್ಡ ಪೆಟ್ಟಿಗೆಗೆ. ಒಡವೆಗಳು ಮನೆಯಲ್ಲಿಯೇ ಇರಲಿ. ಭಾರ ಕಡಮೆಯಾದಷ್ಟೂ ಕಾವಲು ಸುಲಭ.

ಅಗ್ಗದ ಹಾಸ್ಟೆಲುಗಳಲ್ಲಿ ಆರೆಂಟು ಜನ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಕಪಾಟು ಸಾಮಾನ್ಯವಾಗಿ ಅವರದು, ಬೀಗ ಅನೇಕ ಕಡೆ ನಮ್ಮದು. ಒಂದು ಗಟ್ಟಿ ಬೀಗವನ್ನು ಊರಿನಿಂದಲೇ ಒಯ್ಯಿರಿ. “ಬೀಗ ಹಾಕಿದರೆ ಪಕ್ಕದವನನ್ನು ಕಳ್ಳನೆಂದಂತಾಗದೆ?” ಎಂದು ಸಂಕೋಚಪಡಬೇಡಿರಿ. ಬೀಗವು ನೆರೆಯವನನ್ನು ಅವಮಾನಿಸುವುದಿಲ್ಲ; ನಿರಪರಾಧಿಯಾದ ಅವನನ್ನು ಸಂಶಯಿಸುವ ಪಾಪದಿಂದ ನಮ್ಮನ್ನು ಉಳಿಸುತ್ತದೆ. ಬೀಗ ಹಾಕಿದವನೇ ನೆರೆಯವನೊಡನೆ ನಿಶ್ಚಿಂತೆಯಿಂದ ನಕ್ಕು ಮಾತಾಡಬಲ್ಲನು. ಆದರೆ ಸ್ನೇಹಕ್ಕೂ ಮೇರೆಯುಂಟು. ಅಪರಿಚಿತನ ಗಂಟನ್ನು ಎಷ್ಟೇ ದೈನ್ಯದಿಂದ ಬೇಡಿದರೂ ಗಡಿ ದಾಟಿಸಲು ಒಯ್ಯಬಾರದು. ಅದರಲ್ಲಿ ಮಾದಕ ವಸ್ತುವಿದ್ದರೆ ಸೆರೆಮನೆ ನಮ್ಮದು.

ಇಷ್ಟಾದರೂ ನಷ್ಟವಾದರೆ? ಆಗಲೂ ಮಾಡಬೇಕಾದ ಕರ್ತವ್ಯವಿದೆ. ವಿಮಾನದ ಪೆಟ್ಟಿಗೆ ಬಾರದಿದ್ದರೆ ನಿಲ್ದಾಣವನ್ನು ಬಿಡುವ ಮುನ್ನವೇ ದೂರು ಬರೆಯಿಸಿರಿ. 1999ರ ಮಾಂಟ್ರಿಯಲ್ ಒಪ್ಪಂದದಂತೆ, ಪೆಟ್ಟಿಗೆ ಹಾಳಾಗಿ ಬಂದರೆ 7 ದಿನಗಳೊಳಗೆ, ತಡವಾಗಿ ಬಂದರೆ ಕೈಗೆ ಬಂದ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ಪಾಸ್‌ಪೋರ್ಟು ಕಳೆದರೆ ಪೊಲೀಸರಲ್ಲಿ ದಾಖಲಿಸಿ ಭಾರತದ ರಾಯಭಾರ ಕಚೇರಿಗೆ ಹೋಗಿರಿ. ಸ್ವದೇಶಕ್ಕೆ ಮರಳಲು ತುರ್ತು ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಅಲ್ಲುಂಟು. ಇಟ್ಟುಕೊಂಡ ಪ್ರತಿ ಆಗ ನೆರವಾಗುತ್ತದೆ. ಕಳ್ಳನು ಎದುರುಬಿದ್ದರೆ ಚೀಲಕ್ಕಾಗಿ ಜೀವವನ್ನು ಪಣಕ್ಕಿಡಬಾರದು, ಬಿಟ್ಟುಬಿಡಿರಿ.

ವೈರಾಗ್ಯದ ನಿಜವಾದ ಸ್ಥಾನ ಇದು. ಎಚ್ಚರ ಮೊದಲು, ವೈರಾಗ್ಯ ಅನಂತರ. ಕಾಯಬೇಕಾದಾಗ ಮರೆತು, ಕಳೆದ ಮೇಲೆ “ಶಿವಚಿತ್ತ” ಎನ್ನುವುದು ಭಕ್ತಿಯಲ್ಲ. ಕಾಯುವಷ್ಟು ಕಾಯ್ದು, ಹೋದುದಕ್ಕೆ ಕೊರಗದೆ, ಉಳಿದುದರಲ್ಲಿ ಸಂಗಡಿಗನಿಗೂ ಒಂದು ತುತ್ತು ಕೊಟ್ಟು ಮುಂದೆ ನಡೆಯುವವನೇ ಜಾಣ ಪಥಿಕನು. ಅವನ ಚೀಲ ಹಗುರ, ಮನಸ್ಸು ಅದಕ್ಕಿಂತ ಹಗುರ. ಹೊರಡುವವರೆಲ್ಲರಿಗೂ ಅಂಥ ಪ್ರಯಾಣವು ಲಭಿಸಲಿ.