ಗೇಮ್‌ನ ಹಸಿವು, ನಿಜವಾದ ಹಸಿವು

ಯೂತ್ ಸರ್ವಿಸ್ ಸಂದೇಶ. ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 11:27-30

ಬೈಬಲ್ ತೆಗೆದಿರಲ್ವಾ? ಫೋನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.

ನಮ್ಮ ಯೂತ್ ಗ್ರೂಪಿನ ತಮ್ಮ ಒಬ್ಬ ಕೇಳಿದ: "ಪಾಸ್ಟರ್, ಗೇಮ್‌ನಲ್ಲಿ ದಿನಾ ಎಷ್ಟೊಂದು ಅಪಾಯ ಎದುರಿಸ್ತೀವಿ. ಜಾಂಬಿ, ಡ್ರ್ಯಾಗನ್, ಹಸಿವು, ಯುದ್ಧ. ಅದರಿಂದ ನಿಜ ಜೀವನಕ್ಕೂ ಧೈರ್ಯ ಬರಲ್ವಾ?" ಒಳ್ಳೆ ಪ್ರಶ್ನೆ. ಗೇಮ್ ಆಡೋದು ಪಾಪಾನಾ ಅನ್ನೋ ವಾದಕ್ಕೆ ನಾನು ಇವತ್ತು ಹೋಗಲ್ಲ. ಗೇಮ್‌ನ ಅಪಾಯ, ಇತಿಹಾಸದ ಅಪಾಯ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಮೈನ್‌ಕ್ರಾಫ್ಟ್ ತಗೊಳ್ಳಿ. ಸ್ಕ್ರೀನ್ ಕೆಳಗಡೆ ಹತ್ತು ಲೆಗ್ ಪೀಸ್ ಚಿತ್ರ ಇರುತ್ತೆ, ಅದೇ ನಿಮ್ಮ ಹೊಟ್ಟೆ. ಓಡಿದರೆ, ಹಾರಿದರೆ, ಜಗಳ ಆಡಿದರೆ ಖಾಲಿಯಾಗ್ತಾ ಬರುತ್ತೆ. ಆದರೆ ನಾರ್ಮಲ್ ಮೋಡ್‌ನಲ್ಲಿ ಬರೀ ಹಸಿವಿನಿಂದ ನೀವು ಸಾಯಲ್ಲ, ಅರ್ಧ ಹಾರ್ಟ್ ಉಳಿದೇ ಉಳಿಯುತ್ತೆ. ಹಾರ್ಡ್ ಮೋಡ್‌ನಲ್ಲಿ ಸತ್ತರೂ ಮಲಗಿದ್ದ ಹಾಸಿಗೆ ಹತ್ತಿರ ಮತ್ತೆ ಎದ್ದೇಳ್ತೀರಿ. "ಹಾರ್ಡ್‌ಕೋರ್ ಇದೆಯಲ್ಲ ಪಾಸ್ಟರ್" ಅಂತೀರಿ. ಇದೆ. ಅಲ್ಲೂ ಸತ್ತ ಮೇಲೆ ಹೊಸ ವರ್ಲ್ಡ್ ಓಪನ್ ಮಾಡಬಹುದಲ್ವಾ? ಗೇಮ್‌ನಲ್ಲಿ ಅಪಾಯವನ್ನ ಆಡೋನಿಗೋಸ್ಕರ ಅಳೆದು ಇಟ್ಟಿರ್ತಾರೆ. ನಡುವೆ ಇರೋದು "ನಾನು".

ಈಗ ನಮ್ಮೂರಿಗೆ ಬನ್ನಿ. ಕೆಂಗೇರಿಯಿಂದ ಬರೋರು ಕೈ ಎತ್ತಿ. ನಿಮ್ಮ ಸ್ಟೇಷನ್ ಮೇಲೆ ಮೈಸೂರಿಗೆ ಹೋಗೋ ರೈಲು ದಾರಿ ಇದೆಯಲ್ಲ, ಅದಕ್ಕೂ ಒಂದು ಬರಕ್ಕೂ ಸಂಬಂಧ ಇದೆ. 1876ರಿಂದ 1878ರವರೆಗೆ ಮೈಸೂರು ಸೀಮೆಯಲ್ಲಿ ಭಯಂಕರ ಬರ ಬಿತ್ತು. ಹಿರಿಯರ ಲೆಕ್ಕದಲ್ಲಿ ಧಾತು, ಈಶ್ವರ ಸಂವತ್ಸರ. ಮಳೆ ಕೈಕೊಟ್ಟಿತು, ಧಾನ್ಯದ ಬೆಲೆ ಏರಿತು. ಮೊದಲು ಬಿದ್ದವರು ಕೂಲಿಯವರು, ನೇಕಾರರು, ಸಣ್ಣ ರೈತರು. ಹಳ್ಳಿ ಬಿಟ್ಟು ಬೆಂಗಳೂರಿನ ಕಡೆ ನಡೆದರು, ಎಷ್ಟೋ ಜನ ದಾರಿಯಲ್ಲೇ ಸತ್ತರು. ಅದೇ ವರ್ಷಗಳಲ್ಲಿ ಭಾರತದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗ್ತಾ ಇತ್ತು. ಆಗ ಬರ ಪರಿಹಾರದ ಕೂಲಿ ಕೆಲಸವಾಗಿ ಈ ರೈಲು ದಾರಿಗೆ ಮಣ್ಣು ಹೊರಿಸಿದರು. 1882ರಲ್ಲಿ ರೈಲು ಮೈಸೂರು ಮುಟ್ಟಿತು.

ಲೆಕ್ಕ ಕೇಳಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಾಗಬೇಕಿದ್ದ ಜನ ಎಂಟು ಲಕ್ಷಕ್ಕೂ ಮೇಲೆ ಕಡಿಮೆ ಆದರು. ಅವರಲ್ಲಿ ಯಾರಿಗೂ ಅರ್ಧ ಹಾರ್ಟ್ ಉಳಿಸಿ ಕೊಟ್ಟವರಿಲ್ಲ. ಅವರ ಹಸಿವು ಯಾರ ಲೆವೆಲ್ ಏರಿಸೋಕೂ ಬಂದದ್ದಲ್ಲ. ಇಬ್ರಿಯರಿಗೆ 9:27 ಹೇಳೋದು ಅದೇ: ಮನುಷ್ಯನಿಗೆ ಸಾವು ಒಂದೇ ಸಲ.

ಈಗ ವಾಕ್ಯಕ್ಕೆ ಬರೋಣ. ಅಂತಿಯೋಕ್ಯದ ಸಭೆ. ಅಗಬ ಅನ್ನೋ ಪ್ರವಾದಿ ದೊಡ್ಡ ಬರ ಬರುತ್ತೆ ಅಂತ ಆತ್ಮನ ಪ್ರೇರಣೆಯಿಂದ ಹೇಳ್ತಾನೆ. ಅದು ಕ್ಲೌದ್ಯ ಚಕ್ರವರ್ತಿಯ ಕಾಲದಲ್ಲಿ ಬಂತು ಅಂತ ಲೂಕ ಬರೀತಾನೆ. ಕ್ಲೌದ್ಯ ರೋಮ್ ಆಳಿದ್ದು ಕ್ರಿ.ಶ. 41ರಿಂದ 54. ಇದು ಕಥೆ ಅಲ್ಲ, ತಾರೀಕು ಇರೋ ಇತಿಹಾಸ. ಸುದ್ದಿ ಕೇಳಿದ ಶಿಷ್ಯರು ಏನು ಮಾಡಿದರು? ಅಕ್ಕಿ ಮೂಟೆ ಬಚ್ಚಿಟ್ಟರಾ? ಇಲ್ಲ! ಯೂದಾಯದಲ್ಲಿರೋ ಸಹೋದರರಿಗೆ ಪ್ರತಿಯೊಬ್ಬರೂ ತಮ್ಮ ಶಕ್ತಿಗೆ ತಕ್ಕಷ್ಟು ಕೊಟ್ಟು, ಬಾರ್ನಬ, ಸೌಲರ ಕೈಲಿ ಕಳಿಸಿದರು.

ಪಕ್ಕದಲ್ಲಿರೋರಿಗೆ ಹೇಳಿ: "ಅಪಾಯದಲ್ಲಿ ನಾನೊಬ್ಬನೇ ಅಲ್ಲ." ಗೇಮ್ ಕೇಳೋದು, ನಾನು ಹೇಗೆ ಉಳೀತೀನಿ? ಪವಿತ್ರಾತ್ಮ ಕೇಳೋದು, ನಿನ್ನ ಪಕ್ಕದವನು ಹೇಗೆ ಉಳೀತಾನೆ? ಆ ತಮ್ಮನ ಪ್ರಶ್ನೆಗೆ ಇದೇ ಉತ್ತರ. ನನಗೆ ಏನೂ ನಷ್ಟ ಆಗಲ್ಲ ಅಂತ ಗೊತ್ತಿರೋ ಜಾಗದಲ್ಲಿ ನುಗ್ಗೋದು ಆಟ. ನಷ್ಟ ಆಗುತ್ತೆ ಅಂತ ಗೊತ್ತಿದ್ದೂ ಇನ್ನೊಬ್ಬರಿಗಾಗಿ ನಿಲ್ಲೋದು ಧೈರ್ಯ.

ನಮ್ಮ ಯೇಸು ಸ್ವಾಮಿ ಬಂದದ್ದು ಈ ಇತಿಹಾಸದೊಳಕ್ಕೆ. ನಲವತ್ತು ದಿನ ನಿಜವಾಗಿ ಹಸಿದರು. ಪೊಂತ್ಯ ಪಿಲಾತನ ಕಾಲದಲ್ಲಿ ನಿಜವಾಗಿ ಸತ್ತರು. ಮೂರನೇ ದಿನ ಎದ್ದರು, ಹಲ್ಲೆಲೂಯ! ಪ್ರಿಯರೇ, ಪುನರುತ್ಥಾನ ಅಂದರೆ ರೀಸ್ಪಾನ್ ಅಲ್ಲ. ರೀಸ್ಪಾನ್ ಆದಾಗ ಗಾಯದ ಗುರುತೇ ಇರಲ್ಲ, ಏನೂ ಆಗೇ ಇಲ್ಲ ಅನ್ನೋ ಹಾಗೆ. ಎದ್ದು ಬಂದ ಕರ್ತನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು, ತೋಮನಿಗೆ ಅದನ್ನೇ ತೋರಿಸಿದರು. ಅವರು ನಮ್ಮ ನೋವನ್ನ ಅಳಿಸಿ ಮರೆತುಬಿಡಲಿಲ್ಲ, ಹೊತ್ತು ಗೆದ್ದರು. ಧಾತು ವರ್ಷದಲ್ಲಿ ದಾರಿ ಪಕ್ಕದಲ್ಲಿ ಸತ್ತ ಹೆಸರಿಲ್ಲದ ತಾಯಿಯನ್ನೂ ಅವರು ಮರೆತಿಲ್ಲ.

ಈ ವಾರಕ್ಕೆ ಒಂದು ಕೆಲಸ ಕೊಡ್ತೀನಿ. ನಿಮ್ಮ ಪಿಜಿಯಲ್ಲಿ ತಿಂಗಳ ಕೊನೆ ವಾರ "ಹೊಟ್ಟೆ ತುಂಬಿದೆ" ಅಂತ ಸುಳ್ಳು ಹೇಳಿ ರಾತ್ರಿ ಊಟ ಬಿಡೋ ಹುಡುಗ ಇರ್ತಾನೆ. ಗಾರ್ಮೆಂಟ್ಸ್ ಕೆಲಸ ಹೋಗಿ ಮನೇಲಿ ಕೂತಿರೋ ಅಕ್ಕ ಇರ್ತಾರೆ. ಅವರ ತಲೆ ಮೇಲೆ ಲೆಗ್ ಪೀಸ್ ಕಾಣಲ್ಲ. ನೀವೇ ಕೇಳಬೇಕು, ನೀವೇ ಗಮನಿಸಬೇಕು. ಬರೀ "ದೇವರು ನೋಡ್ಕೊಳ್ತಾರೆ" ಅಂತ ಹೇಳಿ ಕಳಿಸಬೇಡಿ, ಯಾಕೋಬ 2:15-16 ಮನೇಲಿ ಓದಿ. ಮುಂದಿನ ಭಾನುವಾರ ಒಬ್ಬೊಬ್ಬರೂ ಒಂದು ಕೇಜಿ ಅಕ್ಕಿನೋ ರಾಗಿನೋ ತನ್ನಿ. ಆಗಲ್ಲ ಅನ್ನೋರು ಒಂದು ಪಾವು ತನ್ನಿ. ಶಕ್ತಿಗೆ ತಕ್ಕಷ್ಟು, ಅಷ್ಟೇ. ಅಗತ್ಯ ಇರೋರು ನಾಚಿಕೆ ಪಡದೆ ನನಗೆ ಹೇಳಿ, ನಿಮ್ಮ ಹೆಸರು ಎಲ್ಲೂ ಹೊರಗೆ ಬರಲ್ಲ.

ತಲೆ ಬಾಗಿಸೋಣ. ಕರ್ತನೇ, ನಮಗೆ ಕಾಣದಿರೋ ಹಸಿವನ್ನ ನೋಡೋ ಕಣ್ಣು ಕೊಡು. ನಮ್ಮ ಕೈ ಬಿಗಿಯಾಗದಿರಲಿ. ಗಾಯದ ಕೈಗಳಿಂದ ನಮ್ಮನ್ನ ಹಿಡಿದಿರೋ ಯೇಸುವಿನ ನಾಮದಲ್ಲಿ ಬೇಡ್ತೀವಿ, ತಂದೆಯೇ. ಆಮೆನ್.