ಬೆನ್ನುಹುರಿಗೆ ಔಷಧ ಕೊಡುವ ರಕ್ಷಣೆ ಯಾವುದು?

ರಕ್ತ ಕಡಿಮೆಯಾದ ಬೆನ್ನುಹುರಿಯನ್ನು ಔಷಧದಿಂದ ಉಳಿಸಬಹುದೇ ಎಂದು ಕೇಳುವ ಮೊದಲು ‘ಉಳಿಸುವುದು’ ಎಂದರೇನು ಎಂಬುದು ಇತ್ಯರ್ಥವಾಗಬೇಕು. ನರಕೋಶ ಆಮ್ಲಜನಕವನ್ನು ಕೂಡಿಟ್ಟುಕೊಳ್ಳುವುದಿಲ್ಲ. ಗ್ಲೂಕೋಸಿನ ದಾಸ್ತಾನೂ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ತಂದುಕೊಡುವ ಇವೆರಡರ ಜಾಗದಲ್ಲಿ ಯಾವ ಔಷಧವೂ ನಿಲ್ಲಲಾರದು. ಹಾಗಾದರೆ ಅದು ಕಾಯುವುದು ಏನನ್ನು?

ಈ ಪ್ರಶ್ನೆ ತೀವ್ರವಾಗುವುದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ. ಎದೆ ಮತ್ತು ಹೊಟ್ಟೆಯಲ್ಲಿ ಉಬ್ಬಿಕೊಂಡ ಮಹಾಪಧಮನಿಯನ್ನು ಸರಿಪಡಿಸುವಾಗ ಅದಕ್ಕೆ ಕ್ಲ್ಯಾಂಪ್ ಹಾಕಿ ಹರಿವು ನಿಲ್ಲಿಸಬೇಕಾಗುತ್ತದೆ. ಬೆನ್ನುಹುರಿಯ ಕೆಳಭಾಗವನ್ನು ಪೋಷಿಸುವ ರಕ್ತನಾಳಗಳ ಮೂಲವೂ ಅಲ್ಲೇ ಇದೆ. ಇಂಥ ಶಸ್ತ್ರಚಿಕಿತ್ಸೆಗೆ ಒಳಗಾದ 1,509 ಮಂದಿಯ ಬಗ್ಗೆ 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ವರದಿಯ ಪ್ರಕಾರ, ಶೇ. 16ರಷ್ಟು ಜನರ ಕಾಲುಗಳು ಪೂರ್ತಿಯಾಗಿ ಇಲ್ಲವೆ ಭಾಗಶಃ ಸ್ವಾಧೀನ ತಪ್ಪಿದ್ದವು. ಪ್ರಾಣ ಉಳಿಸಲು ಹೋಗಿ ನಡಿಗೆ ಕಳೆದುಕೊಳ್ಳುವ ಈ ನಷ್ಟ ಸಣ್ಣದಲ್ಲ.

ರಕ್ತ ನಿಂತಾಗ ನರಕೋಶ ತಕ್ಷಣ ಸಾಯುವುದಿಲ್ಲ. ಮೊದಲು ಅದರ ಶಕ್ತಿ ಬತ್ತುತ್ತದೆ. ಆಮೇಲೆ ಗ್ಲುಟಮೇಟ್ ಎಂಬ ನರಸಂದೇಶವಾಹಕ ಹೊರಗೆ ಸುರಿಯುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ರಕ್ತ ಮರಳಿದ ಮೇಲೂ ಆಮ್ಲಜನಕದ ಉಗ್ರ ಕಣಗಳು ಕೋಶದ ಪೊರೆಯನ್ನು ಕೊರೆಯುತ್ತವೆ. ಔಷಧಕ್ಕೆ ಅವಕಾಶವಿರುವುದು ಈ ಹಂತಗಳ ನಡುವೆ.

ಆ ಅವಕಾಶವನ್ನು ಅಳೆಯುವ ಮಾದರಿಯೊಂದನ್ನು ಜಸ್ಟಿನ್ ಜಿವಿನ್ ಮತ್ತು ಸಹೋದ್ಯೋಗಿ 1980ರಲ್ಲಿ ಪ್ರಕಟಿಸಿದರು. ಮುಂದೆ ಜಿವಿನ್ ಅದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕೇಂದ್ರದಲ್ಲಿ ಬೆಳೆಸಿದರು. ಮೊಲದ ಮೂತ್ರಪಿಂಡಗಳ ಕೆಳಗೆ ಮಹಾಪಧಮನಿಗೆ ಕುಣಿಕೆ ಹಾಕಿ ತುದಿಯನ್ನು ಹೊರಗೆ ಬಿಡುತ್ತಾರೆ. ಅರಿವಳಿಕೆ ಇಳಿದ ಮೇಲೆ ಕುಣಿಕೆ ಬಿಗಿಯುತ್ತಾರೆ, ಹಿಂಗಾಲುಗಳು ಜೋಲುತ್ತವೆ. ಗೊತ್ತುಪಡಿಸಿದ ನಿಮಿಷಗಳಾದ ಮೇಲೆ ಸಡಿಲಿಸಿ, ಮೊಲ ಮತ್ತೆ ಕುಪ್ಪಳಿಸುತ್ತದೆಯೇ ಎಂದು ನೋಡುತ್ತಾರೆ. ಅರ್ಧದಷ್ಟು ಮೊಲಗಳು ಶಾಶ್ವತವಾಗಿ ಕಾಲು ಕಳೆದುಕೊಳ್ಳಲು ಎಷ್ಟು ನಿಮಿಷ ಬೇಕು ಎಂಬುದೇ ಅಳತೆಗೋಲು. ಔಷಧ ಆ ನಿಮಿಷಗಳನ್ನು ಹೆಚ್ಚಿಸಿದರೆ ಅದು ಕೆಲಸ ಮಾಡಿದಂತೆ.

ಉತ್ತರ ಈ ಅಳತೆಯಲ್ಲೇ ಇದೆ: ಔಷಧ ಕೊಡುವುದು ಕಾಲಾವಕಾಶ. ದೀಪದ ಬತ್ತಿಯನ್ನು ಇಳಿಸಿದರೆ ಇದ್ದ ಎಣ್ಣೆ ಹೆಚ್ಚು ಹೊತ್ತು ಬರುತ್ತದೆ, ಆದರೆ ಹೊಸ ಎಣ್ಣೆ ಹುಟ್ಟುವುದಿಲ್ಲ. ಜಿವಿನ್ ಅವರ ಕೆಲಸದ ಇನ್ನೊಂದು ಕವಲೂ ಇದನ್ನೇ ಹೇಳುತ್ತದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟಿಪಿಎ ಮೊಲಗಳ ಮಿದುಳಿನ ಹಾನಿಯನ್ನು ತಗ್ಗಿಸುತ್ತದೆಂದು ಅವರ ತಂಡ 1985ರಲ್ಲಿ ತೋರಿಸಿತು. 1996ರಲ್ಲಿ ಅದಕ್ಕೆ ಪಾರ್ಶ್ವವಾಯು ಚಿಕಿತ್ಸೆಯಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಹರಿವನ್ನೇ ಮರಳಿಸುವ ಔಷಧ. ಆದರೆ ಕೋಶವನ್ನೇ ಕಾಯಬೇಕಿದ್ದ ಎನ್‌ಎಕ್ಸ್‌ವೈ-059 ಎಂಬ ಔಷಧ ಪ್ರಾಣಿಗಳಲ್ಲಿ ಭರವಸೆ ಮೂಡಿಸಿ, 3,000ಕ್ಕೂ ಹೆಚ್ಚು ಪಾರ್ಶ್ವವಾಯು ರೋಗಿಗಳ ಪರೀಕ್ಷೆಯಲ್ಲಿ 2007ರ ವೇಳೆಗೆ ಸೋತಿತು.

ಹಾಗೆಂದು ಮೊಲದ ಮಾದರಿಯನ್ನು ಸುಳ್ಳೆನ್ನಲಾಗದು. ಅಲ್ಲಿ ಹರಿವು ನಿಂತ ಗಳಿಗೆಯೂ ಮರಳುವ ಗಳಿಗೆಯೂ ಗೊತ್ತಿರುತ್ತವೆ. ಪಾರ್ಶ್ವವಾಯುವಿನಲ್ಲಿ ಇವೆರಡೂ ಅನಿಶ್ಚಿತ. ಮಹಾಪಧಮನಿಯ ಶಸ್ತ್ರಚಿಕಿತ್ಸೆ ಮಾತ್ರ ಮೊಲದ ಸ್ಥಿತಿಗೆ ಹತ್ತಿರ: ಔಷಧವನ್ನು ಮೊದಲೇ ಕೊಡಬಹುದು, ನಿಮಿಷ ಎಣಿಸಬಹುದು. ಆದರೆ ಅಲ್ಲಿಯೂ ಬಲವಾದ ಪುರಾವೆ ದೊರೆತಿರುವುದು ಹರಿವಿಗೆ ಅನುಕೂಲ ಮಾಡುವ ಕ್ರಮಕ್ಕೆ. ಬೆನ್ನುಹುರಿಯ ಸುತ್ತಲಿನ ದ್ರವವನ್ನು ಬಸಿದು ಒತ್ತಡ ಇಳಿಸಿದಾಗ ಕಾಲಿನ ಬಲಹೀನತೆ ಶೇ. 13ರ ಬದಲು ಶೇ. 2.6ರಷ್ಟೇ ಕಂಡಿತೆಂದು 145 ರೋಗಿಗಳ ಅಧ್ಯಯನವೊಂದು 2002ರಲ್ಲಿ ತೋರಿಸಿತು.

ಆದ್ದರಿಂದ ‘ಈ ಔಷಧ ಬೆನ್ನುಹುರಿಯನ್ನು ಕಾಯುತ್ತದೆ’ ಎಂಬ ಮಾತು ಅಷ್ಟಕ್ಕೇ ಪೂರ್ಣವಲ್ಲ. ಯಾವಾಗ ಕೊಟ್ಟರೆ, ಎಷ್ಟು ನಿಮಿಷ, ರಕ್ತ ಯಾವಾಗ ಮರಳಿದರೆ ಎಂಬುದೂ ಅದರ ಜೊತೆಗೆ ಬರಬೇಕು. ಮತ್ತೆ ನಡೆಯುವ ಆಸೆಯಿಂದ ಮೇಜಿನ ಮೇಲೆ ಮಲಗುವ ರೋಗಿಗೆ ಈ ಮೂರೂ ಉತ್ತರಗಳು ಸಲ್ಲಬೇಕು.